ಅಣ್ಣ ಹಾಕಿದ ಟ್ಯೂಬ್‌ಲೈಟು

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಕಾದರೆ ಈ ಪೋಸ್ಟ್ ಬರೆಯುವುದೇ ಇಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು. ರಕ್ತದಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಎಷ್ಟಿದೆ ಎಂದು ಯಾವ ಲ್ಯಾಬಿನವರು ಬೇಕಾದರೂ ಹೇಳುತ್ತಾರೆ. ಅದು ಕೆಲಸ ಮಾಡುತ್ತಿದೆಯೋ, ಸುಮ್ಮನೆ ತಿರುಗಾಡಿಕೊಂಡಿದೆಯೋ ಎಂದು ನೋಡುವುದು ನಮ್ಮ ಕೆಲಸ. ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳಿಗೆ ಹೊಳೆಯುವ ಬಣ್ಣ ಅಂಟಿಸಿದ ಕೊಲೆಸ್ಟ್ರಾಲ್ ತುಂಬುತ್ತೇವೆ. ಮೇಲೆ ಒಬ್ಬರ ರಕ್ತದ ತಿಳಿ ಹಾಕುತ್ತೇವೆ. ಆ ತಿಳಿಯಲ್ಲಿರುವ ಒಳ್ಳೆಯ ಕೊಲೆಸ್ಟ್ರಾಲ್ ಚುರುಕಾಗಿದ್ದರೆ ಕೋಶದೊಳಗಿನ ಕೊಲೆಸ್ಟ್ರಾಲನ್ನು ಹೊರಗೆಳೆಯುತ್ತದೆ. ಕೋಶದ ಹೊಳಪು ಇಳಿಯುತ್ತದೆ, ಸುತ್ತಲಿನ ದ್ರವದ ಹೊಳಪು ಏರುತ್ತದೆ. ಎರಡನ್ನೂ ಬೇರೆ ಬೇರೆ ಅಳೆದರೆ ಲೆಕ್ಕ ಸಿಕ್ಕಿತು. ಆದರೆ ಆ ಬಣ್ಣ ಬೆಳಕು ಬಿದ್ದರೆ ಮಂಕಾಗುತ್ತದೆ. ಅದಕ್ಕೇ ಕಿಟಕಿಗೆಲ್ಲ ಕಪ್ಪು ಬಟ್ಟೆ.

ಮಾಡದಕೆರೆಯಿಂದ ನನ್ನ ಅಣ್ಣ ಬಂದಿದ್ದ. ಎದೆಯಲ್ಲಿ ಸ್ಟೆಂಟ್ ಇದೆ, ದಿನಾ ಮಾತ್ರೆ ನುಂಗಬೇಕು, ಅದೇ ಅವನಿಗೆ ದೊಡ್ಡ ಅವಮಾನ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಸಂಜೆಯ ಬಸ್ಸಿನ ತನಕ ನಮ್ಮಲ್ಲೇ ಕೂತ. ಸಂಜೆ ನಾನು ಅವನ ರಕ್ತದ ತಿಳಿ ಹಾಕಿದ್ದ ಕೋಶಗಳ ಸುತ್ತಲಿನ ದ್ರವವನ್ನು ತೆಗೆದು ಕಪ್ಪು ಡಬ್ಬಿಯಲ್ಲಿಟ್ಟೆ. ಕೋಶಗಳಿದ್ದ ತಟ್ಟೆ ಮೇಜಿನ ಮೇಲೆಯೇ ಇತ್ತು. ಅಷ್ಟರಲ್ಲಿ ಮೀಟಿಂಗಿಗೆ ಕರೆದರು. "ಅಣ್ಣ, ಏನೂ ಮುಟ್ಬೇಡ" ಎಂದು ಹೋದೆ.

ವಾಪಸು ಬಂದು ಅಳೆದರೆ ಕೋಶಗಳ ಹೊಳಪು ತೀರಾ ಕಮ್ಮಿ, ಅಣ್ಣನ ಲೆಕ್ಕ ಭರ್ಜರಿ. ಹಿಂದಿನಿಂದ ಇಣುಕಿದ.

"ಏನೇ, ನನ್ ರಕ್ತ ಪಾಸಾ?"

"ಬಾಳ ತೆಗ್ದಂಗೆ ತೋರಸ್ತೈತೆ. ತಡಿಯಪ್ಪ, ಪೂರ್ತಿ ನೋಡಿಲ್ಲ."

ತಡೆಯುವ ಗಿರಾಕಿಯೇ ಅವನು? ಬಸ್ಸಿಗೆ ಓಡಿದ. ಆಮೇಲೆ ನೋಡುತ್ತೇನೆ, ಹೋಲಿಕೆಗೆಂದು ಯಾರ ರಕ್ತವನ್ನೂ ಹಾಕದೆ ಬಿಟ್ಟ ಕೋಶಗಳೂ ಮಂಕಾಗಿವೆ! ಯಾರೂ ಹೊರಗೆಳೆಯದೆ ಹೊಳಪು ಎಲ್ಲಿಗೆ ಹೋಯಿತು?

ಮರುದಿನ ಬೆಳಿಗ್ಗೆ ಫೋನ್ ಮಾಡಿದರೆ ಅತ್ತಿಗೆ ಎತ್ತಿದರು. "ನಿಮ್ಮಣ್ಣ ಮಾತ್ರೆ ಎಲ್ಲ ತಿಪ್ಪೆಗೆ ಎಸ್ದವ್ರೆ ಕಣಮ್ಮ. ತಂಗಿ ಮಿಷನ್ನೇ ಪಾಸ್ ಮಾಡೈತಂತೆ."

ಮೈ ಉರಿದುಹೋಯಿತು. ಹೊಸದುರ್ಗದಲ್ಲಿ ಬಸ್ಸಿಳಿದು ಅದೇ ಮಾತ್ರೆ ಕೊಂಡು, ಆಟೋ ಹಿಡಿದು ಮಾಡದಕೆರೆಗೆ ಹೋದೆ. ಅಣ್ಣ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ.

"ನಾನಿಲ್ದಾಗ ಲೈಟ್ ಹಾಕಿದ್ಯಾ?"

"ಹಾಕ್ದೆ. ದೀಪ ಹಚ್ಚೋ ಹೊತ್ನಾಗೆ ಕೋಣೆ ಕತ್ಲು ಮಾಡ್ಕಂಡಿದ್ರೆ ಲಕ್ಷ್ಮಿ ಬರ್ತಾಳೇನೇ? ಕೈ ಮುಗ್ದೆ, ಬಾಳ ಹೊತ್ತು ಬಿಟ್ಟು, ಕರೆಂಟ್ ದಂಡ ಅಂತ ಆಫ್ ಮಾಡ್ದೆ. ನಿಂದೇನೂ ಮುಟ್ಲಿಲ್ಲಮ್ಮ."

"ಲೈಟ್ ಬಿದ್ದು ಬಣ್ಣ ಹೋಗೈತೆ ಅಣ್ಣ! ನಿನ್ ರಕ್ತ ಏನೂ ಕಿಸ್ದಿಲ್ಲ. ಬಿಸ್ಲಿಗೆ ಸೀರೆ ಬಣ್ಣ ಹೋದ್ರೆ ಕೊಳೆ ಹೋಯ್ತು ಅಂತೀಯಾ?"

ಅತ್ತಿಗೆ ನಕ್ಕರು. ಅವನಿಗೆ ಉರಿಯಿತು. "ಅಂಗಾರೆ ಇನ್ನೊಂದ್ ಸತಿ ನೋಡು. ಚೆನ್ನಾಗ್ ಬಂದ್ರೆ ಮಾತ್ರೆ ಬಿಡ್ತೀನಿ."

"ಬಂದ್ರೂ ಬಿಡಂಗಿಲ್ಲ. ಇದು ನಾವು ಕಲಿಯಾಕೆ ಮಾಡೋದು. ಮಾತ್ರೆ ಬಿಡ್ಸೋದಿದ್ರೆ ಡಾಕ್ಟ್ರು ಬಿಡಿಸ್ಲಿ."

"ಮತ್ತೆ ನನ್ ರಕ್ತ ಯಾಕೆ ಹೀರಿದ್ಯೇ, ತಿಗಣೆ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಇಂದು ಕಲಿತದ್ದು ಮುಂದೆ ಯಾರಿಗೋ ಆಗುತ್ತದೆ, ಇತ್ಯಾದಿ. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡು ಮಾತ್ರೆಯನ್ನು ತಿಪ್ಪೆಗೆ ಎಸೆದವನ ಮುಂದೆ ಅದನ್ನು ಹೇಳಿ ಏನು ಪ್ರಯೋಜನ? ತಟ್ಟೆ ಹಾಳಾದರೆ ಕೋಶಗಳನ್ನು ಮತ್ತೆ ಬೆಳೆಸಿಕೊಳ್ಳುತ್ತೇನೆ. ಇವನನ್ನು ಎಲ್ಲಿಂದ ತರಲಿ?

ತಂದಿದ್ದ ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಕಿತ್ತು ಅವನ ಅಂಗೈಯಲ್ಲಿಟ್ಟೆ. ನನ್ನನ್ನು ದುರುಗುಟ್ಟಿ ನೋಡುತ್ತಲೇ, ನೀರೂ ಕುಡಿಯದೆ ಬಾಯಿಗೆ ಹಾಕಿಕೊಂಡ.

"ಬಾಯಿ ತೆಗಿ."

ತೆಗೆದ.

"ನಾಲ್ಗೆ ಎತ್ತು."

ಎತ್ತಿದ. ಬಗ್ಗಿ ನೋಡಿದೆ. ನುಂಗಿದ್ದ.