ಮಿಶ್ರಿ ಮಾರುವುದು ಬಿಟ್ಟ ಮುಕ್ತಾಬಾಯಿ

ಈಗಷ್ಟೇ ಬೆಳಕು ಹರಿಯುತ್ತಿದೆ. ಹುಮನಾಬಾದ್ ನಿಲ್ದಾಣದಲ್ಲಿ ಬಸವಕಲ್ಯಾಣಕ್ಕೆ ಹೋಗುವ ಮೊದಲ ಬಸ್ಸು ಗುರುಗುಡುತ್ತ ನಿಂತಿದೆ. ಗೋಡೆಗೆ ಬೆನ್ನು ಕೊಟ್ಟು ಕುಳಿತ ಮುಕ್ತಾಬಾಯಿ ಗೋಣಿತಾಟಿನ ಮೇಲೆ ಹಲ್ಲು ತಿಕ್ಕುವ ಬೇವಿನ ಕಡ್ಡಿ ಒಂದು ಕಡೆ, ಜಾಲಿಯ ಕಡ್ಡಿ ಇನ್ನೊಂದು ಕಡೆ ಹರವಿಕೊಂಡಿದ್ದಾರೆ. ಕುಡುಗೋಲಿನಿಂದ ಮುಳ್ಳು ಸವರಿ, ಗೇಣುದ್ದಕ್ಕೆ ಕತ್ತರಿಸಿ, ಹತ್ತು ಕಡ್ಡಿಗೊಂದು ಕಟ್ಟು ಕಟ್ಟುತ್ತಾರೆ.

ಕೊಡಂಬಲದ ಕಡೆಯ ಹೆಂಗಸೊಬ್ಬಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದು ನಿಲ್ಲುತ್ತಾಳೆ. “ಮಿಶ್ರಿ ಕೊಡ್ರಿ ಅಕ್ಕಾ.”

“ಇಲ್ಲವ್ವಾ. ಬಿಟ್ಟು ವರ್ಷ ಆಯ್ತು.”

“ಯಾಕ ಬಿಟ್ರಿ?”

“ಛಲೋ ಅಲ್ಲಂತ. ಡಾಕ್ಟರಬಾಯಿ ಹೇಳ್ಯಾರ.”

“ನಿಮಗ ಹ್ಯಾಂಗ ಅನಸ್ತದ?”

ಕುಡುಗೋಲು ನಿಲ್ಲುತ್ತದೆ. “ನನಗೂ ಪೂರಾ ತಿಳದಿಲ್ಲವ್ವಾ. ಕಡ್ಡಿ ಒಯ್ಯಿ.” ಹೆಂಗಸು ಕಡ್ಡಿ ಒಯ್ಯುವುದಿಲ್ಲ. ರಸ್ತೆ ದಾಟಿ ಎದುರಿನ ಕಿರಾಣಿ ಅಂಗಡಿಗೆ ಹೋಗುತ್ತಾಳೆ. ಅವಳು ಅಲ್ಲಿಂದ ಪುಡಿಯ ಪೊಟ್ಟಣ ಹಿಡಿದು ಬರುವವರೆಗೂ ಮುಕ್ತಾಬಾಯಿ ಅತ್ತಲೇ ನೋಡುತ್ತಿರುತ್ತಾರೆ.

ತಂಬಾಕಿನ ಎಲೆಯನ್ನು ಕಬ್ಬಿಣದ ಹಂಚಿನ ಮೇಲೆ ಕರ್ರಗೆ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಸೋಸಿದರೆ ಅದೇ ಮಿಶ್ರಿ. ಈ ಸೀಮೆಯ ಹೆಂಗಸರು ಬೆಳಗಾದರೆ ಅದನ್ನು ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕುತ್ತಾರೆ. ರಾಜ್ಯ ಒಂದಾದ ವರ್ಷ, ಐವತ್ತಾರರಲ್ಲಿ, ಮುಕ್ತಾಬಾಯಿ ಮೋರಖಂಡಿಯಿಂದ ಸೊಸೆಯಾಗಿ ಬಂದಾಗ ಅವರಿಗೆ ಹದಿನೈದು. ಅತ್ತೆ ಕಮಳಾಬಾಯಿ ಮೊದಲು ಕಲಿಸಿದ್ದೇ ಹಂಚಿನ ಕೆಲಸ. ಹೊಗೆಗೆ ಕಣ್ಣು ಉರಿಯುತ್ತಿದ್ದವು, ಮೊದಲ ಸಲ ತಿಕ್ಕಿದಾಗ ತಲೆ ತಿರುಗಿ ಕುಸಿದು ಕುಳಿತಿದ್ದರು. ಹದಿನೈದು ದಿನಕ್ಕೆ ರೂಢಿಯಾಯಿತು. ಆಮೇಲೆ ಅದಿಲ್ಲದೆ ಬೆಳಗೇ ಆಗುತ್ತಿರಲಿಲ್ಲ. ಗಂಡ ದೇವಿದಾಸ ಬಜಾರದಲ್ಲಿ ಹಮಾಲಿ. ಮೂಟೆ ಹೊತ್ತು ನಡು ಹಿಡಿದ ಮೇಲೆ ಮುಕ್ತಾಬಾಯಿ ಬಸ್ ನಿಲ್ದಾಣಕ್ಕೆ ಬಂದು ಕುಳಿತರು. ಅದು ಅರವತ್ತೆರಡರ ಮಾತು. ದಿನಕ್ಕೆ ಅರವತ್ತು ಪೊಟ್ಟಣ ಮಿಶ್ರಿ ಹೋಗುತ್ತಿತ್ತು. ಕಡ್ಡಿಯನ್ನು ಕೇಳುವವರು ಗಂಡಸರು ಮಾತ್ರ.

ಎಂಬತ್ತಮೂರರ ಬೇಸಿಗೆಯಲ್ಲಿ ಶಾಲೆಯೊಂದರಲ್ಲಿ ಹಲ್ಲಿನ ತಪಾಸಣೆ ನಡೆಯಿತು. ದವಡೆ ಹಲ್ಲಿನ ನೋವಿಗೆ ಔಷಧ ಸಿಕ್ಕೀತೆಂದು ಹೋದರು. ಬೀದರಿನಿಂದ ಬಂದಿದ್ದ ಡಾಕ್ಟರಬಾಯಿ ಹಲ್ಲು ಕಿತ್ತರು. ಆಮೇಲೆ ಕೆಳತುಟಿಯನ್ನು ಹೊರಳಿಸಿ ನೋಡಿ, ಒಳಗೆ ಬಿಳಿ ಮಚ್ಚೆ ಕಟ್ಟಿದೆ, ಮಿಶ್ರಿ ಇವತ್ತೇ ಬಿಡಬೇಕು ಎಂದರು.

“‘ಇದನ್ನ ಯಾರು ಮಾರ್ತಾರ ನಿಮಗ?’ ಅಂತ ಕೇಳಿದ್ರು. ‘ನಾನೇ ಮಾರ್ತೀನ್ರಿ ಬಾಯೀ’ ಅಂದೆ.”

ಮನೆಗೆ ಬಂದರೆ ಗೊಂದಲ ಇನ್ನೂ ಹೆಚ್ಚಿತು. ಅತ್ತೆಗೆ ಎಪ್ಪತ್ತು ದಾಟಿದೆ. ದಿನಕ್ಕೆ ಮೂರು ಸಲ ಮಿಶ್ರಿ ತಿಕ್ಕುವ ಆಕೆ ಈಗಲೂ ಕಬ್ಬು ಸಿಗಿದು ತಿನ್ನುತ್ತಾರೆ. ಮಿಶ್ರಿ ಮುಟ್ಟದ ದೇವಿದಾಸನಿಗೆ ನಲವತ್ತೈದಕ್ಕೇ ಮುಂದಿನ ಹಲ್ಲುಗಳಿಲ್ಲ. “ನನಗೇನಾಗೇದ, ತೋರ್ಸು” ಎಂದು ಅತ್ತೆ ಬಾಯಿ ತೆರೆದು ತೋರಿಸಿದರು. ಮುಕ್ತಾಬಾಯಿ ತಾವು ತಿಕ್ಕುವುದನ್ನು ಬಿಟ್ಟರು, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿಗೂ ಮುಟ್ಟಗೊಡಲಿಲ್ಲ; ಆದರೆ ಮಾರುವುದನ್ನು ಬಿಡಲಿಲ್ಲ. ಹಾಗೆ ನಾಲ್ಕು ತಿಂಗಳು ಕಳೆಯಿತು.

“ಆ ನಾಕು ತಿಂಗಳ ಲೆಕ್ಕ ನನಗ ಇನ್ನೂ ಹತ್ತವಲ್ದು” ಎನ್ನುತ್ತಾರೆ. “ನನಗ ಬ್ಯಾಡಾದದ್ದು ಮಂದಿಗೆ ಹ್ಯಾಂಗ ಕೊಟ್ಟೆ?”

ಆದರೆ ಆ ದಿನಗಳಲ್ಲೇ ಹೊಸ ಅಭ್ಯಾಸವೊಂದು ಅಂಟಿಕೊಂಡಿತ್ತು. ಯಾರೇ ಮಾತಾಡಿದರೂ ಕಣ್ಣು ಅವರ ಬಾಯೊಳಗೆ ಹೋಗುತ್ತಿತ್ತು. ಮನ್ನಾಏಖೇಳ್ಳಿಯಿಂದ ಕಾಯಿಪಲ್ಲೆ ಮಾರಲು ಬರುವ ಕೇಶರಬಾಯಿ ಇಪ್ಪತ್ತು ವರ್ಷದ ಗಿರಾಕಿ. ಒಂದು ಬೆಳಗ್ಗೆ ಆಕೆ ಒಂದೇ ಬದಿಯಿಂದ ರೊಟ್ಟಿ ಅಗಿಯುವುದು ಕಂಡಿತು. ಕೆನ್ನೆಯ ಒಳಗೆ ಹುಣ್ಣು. ಎರಡು ತಿಂಗಳಾದರೂ ಮಾಯದೇ ಇತ್ತು. ಕೇಶರಬಾಯಿ ಅದರ ಮೇಲೂ ಮಿಶ್ರಿಯನ್ನೇ ಒತ್ತಿ ನೋವು ಮರೆಯುತ್ತಿದ್ದರು. ಮುಕ್ತಾಬಾಯಿ ಅಂದೇ ಅಂಗಡಿ ಎತ್ತಿ ಆಕೆಯನ್ನು ಬೀದರಿನ ಬಸ್ಸು ಹತ್ತಿಸಿ ಅದೇ ಡಾಕ್ಟರಬಾಯಿಯ ಮುಂದೆ ಕೂರಿಸಿದರು. ಅಲ್ಲಿಂದ ಸೊಲ್ಲಾಪುರಕ್ಕೆ ಕಳುಹಿಸಿದರು. ಕೆನ್ನೆಯ ಒಂದಿಷ್ಟು ಭಾಗ ಕತ್ತರಿಸಿದ ಮೇಲೆ ಕೇಶರಬಾಯಿ ಉಳಿದರು.

ಇದು ತಮ್ಮ ಪುಡಿಯಿಂದಲೇ ಆದದ್ದೋ ಎಂದು ಮುಕ್ತಾಬಾಯಿ ಡಾಕ್ಟರಬಾಯಿಯನ್ನು ಕೇಳಿದ್ದರು. ತಂಬಾಕಿನಿಂದ ಇಂಥ ರೋಗ ಬರುವುದು ಖರೆ, ಆದರೆ ಎಲ್ಲರಿಗೂ ಬರುವುದಿಲ್ಲ, ಯಾರಿಗೆ ಬರುತ್ತದೆಂದು ಮೊದಲೇ ಹೇಳಲಾಗದು ಎಂದರಂತೆ. ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ಹಗುರಾಗುತ್ತಿತ್ತೇನೋ. ಮನೆಗೆ ಬಂದವರೇ ಡಬ್ಬಿಯಲ್ಲಿದ್ದ ಮಿಶ್ರಿಯನ್ನೆಲ್ಲ ಹಿತ್ತಲಿನ ಗುಂಡಿಗೆ ಸುರಿದು ಮಣ್ಣು ಎಳೆದರು. ಅತ್ತೆ ಎರಡು ದಿನ ಸೊಸೆಯೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಅಂಗಡಿಯಿಂದ ತಾವೇ ತರಿಸಿಕೊಂಡರು. ಇಂದಿಗೂ ತರಿಸಿಕೊಳ್ಳುತ್ತಾರೆ.

ಈಗ ದಿನಕ್ಕೆ ನಲವತ್ತು ಕಟ್ಟು ಕಡ್ಡಿ, ಸಂತೆಯ ದಿನ ಅರವತ್ತು. ಕಡ್ಡಿಯ ಜೊತೆ ಮಾತೂ ಹೋಗುತ್ತದೆ. ತುದಿಯನ್ನು ಮೆತ್ತಗಾಗುವ ತನಕ ಅಗಿಯಬೇಕು, ವಸಡಿನ ಮೇಲೆ ಜೋರು ಮಾಡಬಾರದು. ಉಂಡ ಮೇಲೆ ಬಾಯಿ ಮುಕ್ಕಳಿಸಬೇಕು, ಮಲಗುವ ಮುಂದೆ ಇನ್ನೊಮ್ಮೆ ತಿಕ್ಕಬೇಕು. ಹಾಲುಹಲ್ಲು ಬಂದ ಕೂಸಿಗೆ ಒದ್ದೆ ಅರಿವೆಯಿಂದ ಒರೆಸಬೇಕು, ಬೆಲ್ಲ ಚೀಪಿಸಿ ಮಲಗಿಸಬಾರದು. ಬ್ರಶ್ ಛಲೋನೋ ಕಡ್ಡಿ ಛಲೋನೋ ಎಂದು ಮಾಸ್ತರರೊಬ್ಬರು ಕೇಳಿದರೆ, “ನಿಮ್ಮನಿಯಾಗ ಬ್ರಶ್ ಇದ್ರ ಅದೇ ಛಲೋರಿ. ದಿನಾ ತಿಕ್ಕಬೇಕು ಅಷ್ಟ” ಎಂದು ಗಿರಾಕಿಯನ್ನು ಬಿಟ್ಟುಕೊಡುತ್ತಾರೆ.

ತುಟಿಯೊಳಗಿನ ಮಚ್ಚೆ ಸಣ್ಣದಾಗಿದೆ, ಪೂರ್ತಿ ಹೋಗಿಲ್ಲ. ಮೂರು ತಿಂಗಳಿಗೊಮ್ಮೆ ಬೀದರಿಗೆ ಹೋಗಿ ತೋರಿಸಿ ಬರುತ್ತಾರೆ.

ಕೇಶರಬಾಯಿ ಈಗಲೂ ಬರುತ್ತಾರೆ. ಮಾತು ತುಸು ತೊದಲು. ಇವತ್ತೂ ಬುಟ್ಟಿ ಇಳಿಸಿ ಪಕ್ಕದಲ್ಲೇ ಕುಳಿತಿದ್ದಾರೆ. ಮುಕ್ತಾಬಾಯಿ ಎಷ್ಟನೆಯ ಸಲವೋ ಅದೇ ಪ್ರಶ್ನೆ ಕೇಳುತ್ತಾರೆ: “ಅಕ್ಕಾ, ನನ್ನ ಮ್ಯಾಲ ಸಿಟ್ಟಿಲ್ಲೇನು?”

“ಕೊಟ್ಟಾಕಿ ನೀನೇ, ದವಾಖಾನಿಗಿ ಒಯ್ದಾಕೀನೂ ನೀನೇ. ಸಿಟ್ಟು ಯಾರ ಮ್ಯಾಲ ಮಾಡ್ಲಿ ತಂಗಿ?”

ಮುಕ್ತಾಬಾಯಿಗೆ ಇದು ಕ್ಷಮೆಯೋ ದೂರೋ ತಿಳಿಯುವುದಿಲ್ಲ. ಎಳೆಯ ಬೇವಿನ ಕಡ್ಡಿಯೊಂದನ್ನು ಆರಿಸಿ ತುದಿಯನ್ನು ಕಲ್ಲಿನಿಂದ ಜಜ್ಜಿ ಮೆತ್ತಗೆ ಮಾಡುತ್ತಾರೆ. ಕೇಶರಬಾಯಿಗೆ ಗಟ್ಟಿ ಅಗಿಯಲು ಆಗದು. ಮುಂದೇನು ಆಸೆ ಎಂದು ಕೇಳಿದರೆ ಮುಕ್ತಾಬಾಯಿ ಆ ಕಡ್ಡಿಯನ್ನು ಆಕೆಯ ಕೈಗಿಟ್ಟು ರಸ್ತೆಯಾಚೆ ನೋಡುತ್ತಾರೆ.

“ಎದುರಿನ ಅಂಗಡ್ಯಾಗ ಇನ್ನೂ ಮಾರಾಕತ್ತ್ಯಾರ. ನಾ ಬಿಟ್ಟಿದ್ದರಿಂದ ಏನು ಫರಕ್ ಆಯ್ತೋ ನನಗ ಗೊತ್ತಿಲ್ರಿ. ನಮ್ಮ ಅತ್ತಿ ಹಲ್ಲು ಹ್ಯಾಂಗ ಉಳದಾವೋ ಅದೂ ಗೊತ್ತಿಲ್ಲ. ಒಂದ ಗೊತ್ತದ. ನನ್ನ ಎರಡೂ ಹೆಣ್ಮಕ್ಕಳಿಗಿ ಅದರ ರುಚಿ ಹ್ಯಾಂಗ ಇರ್ತದಂತ ಗೊತ್ತಿಲ್ಲ.”