ಒಗೆದ ಅಂಗಿಯ ವಾಸನೆ

ಮೊಮ್ಮಕ್ಕಳೇ, ಶಿವಲೀಲಾ, ಕೊಟ್ರೇಶಿ! ದೆವ್ವ ಗಾಳಿಯ ಮಾತು ಬಂದಾಗಲೆಲ್ಲ ನಾನು ನಗುತ್ತಿದ್ದವಳು. ಹಾವಿಗೆ ಹೆದರುತ್ತಿದ್ದೆ, ನಾಲ್ಕು ಜನರ ಮುಂದೆ ಮಾತಾಡಲು ಈಗಲೂ ಹೆದರುತ್ತೇನೆ. ಆದರೆ ಸತ್ತವರು ಬರುತ್ತಾರೆಂದು ಯಾವತ್ತೂ ನಂಬಿರಲಿಲ್ಲ. ಹಿರೇಹಡಗಲಿಯ ನಮ್ಮ ಮನೆಯಲ್ಲಿ ಒಂದು ಸಂಜೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬಾಯಿಬಿಟ್ಟು ಹೇಳಲು ನಾಚಿಕೆ.

ನಮ್ಮ ಎಮ್ಮೆ ಗೌರಿಯನ್ನು ಸಣ್ಣ ಕರುವಾಗಿದ್ದಾಗಿನಿಂದ ಸಾಕಿದವರು ನಿಮ್ಮ ಅಜ್ಜ. ಅದು ಅವರ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಅವರು ಪರ ಊರಿಗೆ ಹೋದಾಗ ನಾನು ಅವರು ಬಿಚ್ಚಿಟ್ಟ ಅಂಗಿ ತೊಟ್ಟು, ರುಮಾಲು ಸುತ್ತಿಕೊಂಡು ಹಿಂಡಲು ಕೂರುತ್ತಿದ್ದೆ. ನಮ್ಮ ಕಡೆ ಹೀಗೆ ಮಾಡುವವರು ಬಹಳ. ಎಮ್ಮೆ ಕಣ್ಣಿಗಿಂತ ಮೂಗನ್ನು ಹೆಚ್ಚು ನಂಬುತ್ತದೆ. ಅಂಗಿಯಲ್ಲಿ ಅವರ ಬೆವರು, ನಶ್ಯದ ಘಾಟು ಇರುತ್ತಿತ್ತು. ಗೌರಿ ಸುಮ್ಮನೆ ನಿಲ್ಲುತ್ತಿತ್ತು.

ಅವರು ತೀರಿಕೊಂಡ ಮೇಲೆ ಮನೆ ತೊಳೆಯುವ ದಿನ ಬಂಧು ಹೆಂಗಸರು ಅವರ ಬಟ್ಟೆಗಳನ್ನೆಲ್ಲ ಹಳ್ಳಕ್ಕೆ ಒಯ್ದು, ಸಾಬೂನು ಹಚ್ಚಿ ಒಗೆದು ತಂದರು. ಆ ಹೊತ್ತಿನಲ್ಲಿ ಎಮ್ಮೆಯ ನೆನಪು ಯಾರಿಗಿರುತ್ತದೆ? ಗೌರಿ ಕರುವಿಗೆ ಮಾತ್ರ ಹಾಲು ಬಿಡತೊಡಗಿತು. ನಾನು ಒಗೆದ ಅಂಗಿ ತೊಟ್ಟು ಹೋದರೆ ಮೂಸಿ ನೋಡಿ ಒದೆಯುತ್ತಿತ್ತು.

"ಯವ್ವಾ, ಎಷ್ಟು ದಿನಾ ಅಂತ ನೋಡಾದು? ಇವತ್ತೂ ಹಾಲು ಬಿಡಲಿಲ್ಲಂದ್ರ ನಾಳೆ ಸಂತಿಗೆ ಹೊಡಕೊಂಡು ಹೋಗ್ತೀನಿ" ಅಂದ ನಿಮ್ಮಪ್ಪ. ಅವನ ತಪ್ಪಿಲ್ಲ, ಮೇವು ಕಡಿಮೆಯಿತ್ತು. ಆದರೆ ಅವರನ್ನು ನನ್ನಷ್ಟೇ ಹುಡುಕುತ್ತಿದ್ದ ಜೀವ ಆ ಮನೆಯಲ್ಲಿ ಗೌರಿಯೊಂದೇ. ಅದನ್ನು ಹೇಗೆ ಕಳಿಸಲಿ?

ಸಂಜೆ ಮತ್ತೆ ಅಂಗಿ ತೊಟ್ಟು ರುಮಾಲು ಸುತ್ತಿದೆ. ಪಕ್ಕದ ಮನೆಯ ಬಸವ್ವ ಗೋಡೆಯ ಮೇಲಿಂದ ಇಣುಕಿದಳು.

"ಏನ್ರಿ ಗೌಡ್ರ, ಸೀರಿ ಮ್ಯಾಲೆ ಅಂಗಿ ತೊಟ್ಟೀರಿ! ಪಂಚಾಯ್ತಿಗೆ ಹೊಂಟೀರೇನು?"

"ಸುಮ್ಕಿರಬೇ, ಎಮ್ಮಿ ಬೆದರತೈತಿ."

"ಮೀಸಿ ಒಂದು ಮರೆತೀರಿ ನೋಡ್ರಿ!"

ನನಗೆ ನಗು ತಡೆಯಲಾಗಲಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗಲೇ. ನಗುತ್ತಲೇ ಕುಳಿತು ಗೌರಿಯ ಹೊಟ್ಟೆಗೆ ಹಣೆ ಆನಿಸಿದೆ. ಆಗ ಅಂಗಿಯ ಕಾಲರಿನಿಂದ ನಶ್ಯದ ಘಾಟು ಬಂತು. ಹಿಂದೆಯೇ ಅವರ ಬೆವರಿನ ವಾಸನೆ. ಕಾಲರನ್ನು ಮೂಗಿಗೆ ಹಿಡಿದು ಮೂಸಿ, ಕೆಚ್ಚಲಿಗೆ ಕೈ ಹಾಕಿದೆ.

ಶಿವಲೀಲಾ, ನೀನು ಆಗ ಪುಟ್ಟ ಕೂಸು. ಅಜ್ಜನ ಮಗ್ಗುಲಲ್ಲಿ ಕೂತರೆ ಸಾಕು, ನಶ್ಯಕ್ಕೆ ಸೀನುತ್ತಿದ್ದೆ. ಬಾಗಿಲ ಬಳಿ ನಿಂತಿದ್ದ ನೀನು ಫಟ್ಟನೆ ಸೀನಿದೆ. ಮತ್ತೆ ಸೀನಿದೆ. ಮೂಗು ತಿಕ್ಕಿಕೊಂಡು, "ಅಜ್ಜಿ, ಅಜ್ಜ ಎಲ್ಲದಾನ?" ಎಂದು ಕೇಳಿದೆ.

ಗೌರಿ ಕತ್ತು ತಿರುಗಿಸಿ ನನ್ನ ಹೆಗಲನ್ನು ಒರಟು ನಾಲಿಗೆಯಿಂದ ನೆಕ್ಕಿತು. ಹಾಲು ಸೊರ್ ಎಂದು ಚರಿಗೆಗೆ ಬಿತ್ತು, ನೊರೆ ಉಕ್ಕಿ ನನ್ನ ಕಾಲ ಮೇಲೆ ಹರಿಯಿತು. ಹಗ್ಗ ಹಿಡಿದು ಬಂದಿದ್ದ ನಿಮ್ಮಪ್ಪ ಮೂಗರಳಿಸಿ ಗಾಳಿ ಮೂಸಿದ. ಆಮೇಲೆ ಹಗ್ಗವನ್ನು ಗೂಟಕ್ಕೆ ಸಿಗಿಸಿ, "ಇರಲಿ ಬಿಡಬೇ, ನಮ್ಮನ್ಯಾಗ ಇರಲಿ" ಅಂದ. ಅವತ್ತು ಮನೆಮಂದಿಯೆಲ್ಲ ಶಾವಿಗೆ ಪಾಯಸ ಉಂಡೆವು. ಬಸವ್ವನಿಗೂ ಒಂದು ಬಟ್ಟಲು ಕೊಟ್ಟೆ.

ನನ್ನ ಬೆವರಿಗೆ ಅಂಗಿಯ ಹಳೆಯ ವಾಸನೆ ಎದ್ದಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗಿದ್ದರೆ ಅದಕ್ಕೂ ಮೊದಲು ತೊಟ್ಟಾಗ ಯಾಕೆ ಏಳಲಿಲ್ಲ? ಮರುದಿನ ಮೂಸಿದರೆ ಬರೀ ಸಾಬೂನು. ಗೌರಿಗೆ ಮಾತ್ರ ಆಮೇಲೆ ಅಂಗಿಯೇ ಬೇಕಾಗಲಿಲ್ಲ, ಸೀರೆಯಲ್ಲಿ ಕೂತರೂ ಹಾಲು ಕೊಟ್ಟಿತು.

ಈ ಹಾಳೆಗಳನ್ನು ಟ್ರಂಕಿನಲ್ಲಿ ಆ ಅಂಗಿಯ ಮಡಿಕೆಯೊಳಗೇ ಇಟ್ಟಿದ್ದೇನೆ. ಎರಡನ್ನೂ ಜೋಪಾನ ಮಾಡಿ. ಅಂಗಿಯನ್ನು ಮಾತ್ರ ಯಾರೂ ಒಗೆಯಬೇಡಿ.