ಕಾಗೆಗೆ ಗುಬ್ಬಿ ಎಂಜಲು ಗೊತ್ತಿಲ್ಲ

ನಮ್ಮ ಹಯಗ್ರೀವ ಭಾವನಷ್ಟು ಎಂಜಲಿಗೆ ಹೆದರುವವರನ್ನು ನಾನು ಕಂಡಿಲ್ಲ. ನನ್ನ ಅಕ್ಕ ರಮಾಮಣಿಯ ಗಂಡ, ಉಡುಪಿ ಕಡೆಯವರು, ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಸಸ್ಯಾಹಾರಿ ಹೋಟೆಲ್ ಇಟ್ಟಿದ್ದರು. ಗಿರಾಕಿ ಬಾಯಿಗಿಟ್ಟ ಚಮಚವನ್ನು ಪಕ್ಕದವನ ಸಾಂಬಾರಿಗೆ ಅದ್ದಿದರೆ ಗಲ್ಲಾದಲ್ಲಿ ಕೂತ ಭಾವನ ಮುಖ ಕಿವುಚಿಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅಕ್ಕ ಪ್ರೀತಿಯಿಂದ ತಾನು ಕಚ್ಚಿದ ಚಿಕ್ಕಿಯ ಇನ್ನರ್ಧ ಕೊಡಹೋದರೆ, "ಗುಬ್ಬಿ ಎಂಜಲು ಮಾಡಿ ಕೊಡು" ಎಂದು ಕರವಸ್ತ್ರ ಚಾಚಿದ್ದರಂತೆ. ಮಕ್ಕಳು ಪೆಪ್ಪರಮಿಂಟನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ ಹಂಚಿಕೊಳ್ಳುತ್ತಾರಲ್ಲ, ಹಾಗೆ. ಅಕ್ಕ ಅದನ್ನು ಇವತ್ತಿಗೂ ಮರೆತಿಲ್ಲ, ನಮಗೂ ಮರೆಯಲು ಬಿಟ್ಟಿಲ್ಲ.

ಇಂಥ ಮನೆಯಲ್ಲಿ ಭಾವನ ಅಪ್ಪನಿಗೆ ಕಾಮಾಲೆಯಾಯಿತು. ಮನೆಯಲ್ಲಿ ಮಕ್ಕಳು, ಕೆಳಗೆ ಹೋಟೆಲು. ಭಾವ ಅಪ್ಪನ ತಟ್ಟೆ ಲೋಟ ಬೇರೆ ಮಾಡಿದರು. ಮುದುಕರಿಗೆ ಅದು ತಾಗಿತು. "ನನ್ನನ್ನು ಪಂಕ್ತಿಯಿಂದ ಎಬ್ಬಿಸಿದೆಯಲ್ಲ ಮಗಾ" ಎಂದವರು ಮತ್ತೆ ಮಗನ ಜೊತೆ ಸರಿಯಾಗಿ ಮಾತಾಡಲಿಲ್ಲ, ಹಾಗೆಯೇ ತೀರಿಕೊಂಡರು. ಹತ್ತನೆಯ ದಿನ ಪಿಂಡವಿಟ್ಟು ಎಷ್ಟು ಕರೆದರೂ ಒಂದು ಕಾಗೆಯೂ ಮುಟ್ಟಲಿಲ್ಲ. ಕೊನೆಗೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಮುಗಿಸಿದರು. ಅಪ್ಪ ಸಿಟ್ಟಿನಲ್ಲೇ ಹೋದರೆಂದು ಭಾವನಿಗೆ ಖಾತ್ರಿಯಾಯಿತು.

ಮುಂದಿನ ಮಹಾಲಯಕ್ಕಾದರೂ ಕಾಗೆ ಬರಲೇಬೇಕೆಂದು ಭಾವ ಬಿಲ್ಡಿಂಗಿನ ಟೆರೇಸಿನ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟರು. ಹೋಟೆಲಿನಲ್ಲಿ ಉಳಿದ ಅನ್ನ, ಇಡ್ಲಿ, ವಡೆ ಎಲ್ಲ ಅದಕ್ಕೇ. ಡೊಂಬಿವಲಿಯ ಕಾಗೆಗಳಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಬೆಳಿಗ್ಗೆ ಲೋಕಲ್ ಟ್ರೇನಿನಲ್ಲೂ ಅಂಥ ನೂಕುನುಗ್ಗಲು ಇರಲಿಲ್ಲ. ಮಳೆಗಾಲದಲ್ಲಿ ಟಬ್ಬಿನಲ್ಲಿ ನೀರು ನಿಂತಿತು, ಸೊಳ್ಳೆಯಾಯಿತು, ಊಟ ಮಾತ್ರ ನಿಲ್ಲಲಿಲ್ಲ.

ಒಂದು ದಿನ ಭಾವ ಟೆರೇಸಿನಿಂದ ಓಡಿ ಬಂದರು. "ರಮಾ, ಅಪ್ಪ ಬಂದಿದ್ದಾರೆ ಮಾರಾಯ್ತಿ! ಮೂಗಿನ ಹತ್ತಿರ ನರಹುಲಿ ಉಂಟು!"

ತೀರಿಹೋದವರ ಮೂಗಿನ ಪಕ್ಕ ನರಹುಲಿ ಇದ್ದದ್ದು ನಿಜ. ಈ ಕಾಗೆಗೂ ಕೊಕ್ಕಿನ ಬುಡದಲ್ಲಿ ಅಂಥದ್ದೇ ಗಂಟು. ಅವತ್ತಿನಿಂದ ಅದಕ್ಕೆ ತುಪ್ಪ ಹಾಕಿದ ಅನ್ನ. ಆದರೆ ವಾರ ಕಳೆಯುವಷ್ಟರಲ್ಲಿ ಇನ್ನೂ ನಾಲ್ಕೈದು ಕಾಗೆಗಳಿಗೆ ಗಂಟು ಬಂತು.

"ಮಾವನಿಗೆ ಅಣ್ಣತಮ್ಮಂದಿರೇ ಇರಲಿಲ್ಲ. ಇವರೆಲ್ಲ ಯಾರು?" ಎಂದು ಅಕ್ಕ ಕೇಳಿದಳು.

ಅಷ್ಟರಲ್ಲಿ 'ಅಪ್ಪ'ನ ಒಂದು ಕಣ್ಣನ್ನೂ ಗಂಟು ಮುಚ್ಚಿತು. ಭಾವ ಹೆದರಿ ಡಾಕ್ಟರ್ ಸೈದಪ್ಪನವರನ್ನು ಮೇಲೆ ಕರೆತಂದರು. ಕಲಬುರಗಿ ಕಡೆಯ ನಿವೃತ್ತ ಪಶುವೈದ್ಯರು, ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ ಮಗಳ ಮನೆಯಲ್ಲಿದ್ದು ಬನ್ಸಿನ ಆಸೆಗೆ ನಮ್ಮ ಹೋಟೆಲಿಗೆ ಬರುತ್ತಿದ್ದರು.

"ಇದು ನಿಮ್ಮಪ್ಪ ಅಲ್ರೀ ಭಟ್ರ, ಹಕ್ಕಿ ಸಿಡಬು" ಎಂದರು ಸೈದಪ್ಪ. "ಮನಷ್ಯಾರಿಗೆ ಹತ್ತಂಗಿಲ್ಲ, ಅಂಜಬ್ಯಾಡ್ರಿ. ಆದ್ರ ಇಷ್ಟೊಂದು ಕಾಗಿ ತಾವಾಗೇ ಒಂದ ತಾಟಿನ್ಯಾಗ ಉಣ್ಣಾಕ ಎಲ್ಲಿ ಕೂಡತಿದ್ವು? ಕೂಡಿಸಿದವ್ರು ನೀವು. ಒಂದರ ಗಾಯ ಟಬ್ಬಿಗೆ, ಟಬ್ಬಿಂದು ಇನ್ನೊಂದಕ್ಕ. ಉಳಿದದ್ದು ಈ ಸೊಳ್ಳಿ ನೋಡ್ಕೋತಾವ."

ಭಾವನ ದನಿ ಉಡುಗಿತು. "ಅಂದ್ರೆ... ಎಂಜಲು?"

"ಎಂಜಲಾ ರೀ! ಕಾಗಿಗೇನು ಗುಬ್ಬಿ ಎಂಜಲ ಮಾಡಾಕ ಬರತದೇನು?"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಊರಿಗೆಲ್ಲ ಎಂಜಲಿನ ಪಾಠ ಹೇಳುವ ಮನುಷ್ಯ ಸ್ವಂತ ಅಪ್ಪನಿಗೆ ಎಂಜಲು ಉಣಿಸಿದ್ದ.

"ಊಟ ಹಾಕೂದು ನಿಲ್ಲಸ್ರಿ, ಚದುರಿ ಹೋಗ್ಲಿ. ಭಾಳಷ್ಟು ತಾವ ಆರಾಮ ಆಗ್ತಾವ" ಎಂದರು ಸೈದಪ್ಪ.

"ನಿಲ್ಲಿಸಿದ್ರೆ ಮಹಾಲಯಕ್ಕೆ ಯಾರು ಬರ್ತಾರೆ ಡಾಕ್ಟ್ರೇ?"

"ನಿಲ್ಲಸಲಿಲ್ಲಂದ್ರ ಬರಾಕ ಯಾವೂ ಉಳಿಯಂಗಿಲ್ಲ."

ಭಾವ ತಾವೇ ಟಬ್ ಬೋರಲು ಹಾಕಿ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರು. ಕಾಗೆಗಳು ಕೆಲವು ದಿನ ಕಟ್ಟೆಯ ಮೇಲೆ ಕೂತು ಬೈದವು, ಮತ್ತೆ ತಮ್ಮ ತಮ್ಮ ದಾರಿ ಹಿಡಿದವು. ಭಾವ ಊಟಕ್ಕೆ ಕೂತಾಗೆಲ್ಲ, ಎರಡನೆಯ ಸಲವೂ ಅಪ್ಪನನ್ನು ಪಂಕ್ತಿಯಿಂದ ಎಬ್ಬಿಸಿದೆ ಎಂದು ಕೊರಗುತ್ತಿದ್ದರು.

ಮಹಾಲಯದ ದಿನ ಕಟ್ಟೆಯ ಉದ್ದಕ್ಕೂ ದೂರದೂರಕ್ಕೆ ಬಾಳೆಎಲೆಯ ತುಂಡುಗಳನ್ನು ಹಾಸಿ, ಒಂದೊಂದಕ್ಕೂ ಒಬ್ಬೊಬ್ಬ ಹಿರಿಯರ ಹೆಸರಿನಲ್ಲಿ ಒಂದೊಂದೇ ಉಂಡೆ ಬಡಿಸಿದರು. ಆಕಾಶ ಖಾಲಿ. ಕರೆದು ಕರೆದು ಗಂಟಲು ಕಟ್ಟಿತು. ಅಕ್ಕ ದರ್ಭೆ ಹುಡುಕಲು ಕೆಳಗಿಳಿಯುವುದರಲ್ಲಿದ್ದಳು, ಆಗ ಒಂದು ಕಾಗೆ ಬಂದು ಕಟ್ಟೆಯ ತುದಿಯಲ್ಲಿ ಕೂತಿತು. ಕಣ್ಣು ತೆರೆದಿತ್ತು. ಕೊಕ್ಕಿನ ಬುಡದಲ್ಲಿ ಒಣಗಿದ ಕಲೆ ಮಾತ್ರ ಇತ್ತು. ಅದು ಎಲೆಯನ್ನು ನೋಡಿತು, ಭಾವನನ್ನು ನೋಡಿತು, ಮುಟ್ಟಲಿಲ್ಲ.

ಭಾವ ಕೈ ಮುಗಿದರು. "ಅಪ್ಪಾ, ಬೇರೆ ತಟ್ಟೆ ಇಟ್ಟದ್ದು ನಿಮ್ಮನ್ನು ದೂರ ಮಾಡ್ಲಿಕ್ಕಲ್ಲ. ಮಕ್ಕಳಿಗೆ ಬರಬಾರದು ಅಂತ ಮಾತ್ರ. ಆಗಲೇ ಹೀಗೆ ಹೇಳ್ಬೇಕಿತ್ತು ನಾನು."

ಕಾಗೆ ಉಂಡೆಗೆ ಕೊಕ್ಕು ಹಾಕಿತು. ಭಾವ ಮಗುವಿನಂತೆ ಅತ್ತರು. ಆದರೆ ಕಾಗೆ ಅಲ್ಲಿಗೇ ನಿಲ್ಲಿಸದೆ ಅದೇ ಕೊಕ್ಕಿನಲ್ಲಿ ಪಕ್ಕದ ಎಲೆಗೆ ಹಾರಿತು.

ಭಾವ ಕಣ್ಣೊರೆಸುವುದನ್ನು ಬಿಟ್ಟು ಕೂಗಿದರು. "ಅಯ್ಯೋ ಅಪ್ಪಾ, ಎಂಜಲು! ಅದು ಅಜ್ಜನ ಎಲೆ!"

ಅಕ್ಕ ಅವರ ತೋಳು ಹಿಡಿದು ನಿಲ್ಲಿಸಿದಳು. "ತಿನ್ಲಿ ಬಿಡಿ. ಪಂಕ್ತಿ ತಪ್ಪಿದ ವರ್ಷದ ಹಸಿವು ಅದು."